ಸ್ಟೇಕ್ ಹೋಟೆಲ್ದಾಗ ನನ್ನ ಬಟಾಟಿ

ಅಮೆರಿಕಾಕ್ಕ ಮಕ್ಕಳ ಮನೀಗೆ ಹೋಗೋ ನಮ್ಮಂಥ ಶಾಕಾಹಾರಿ ತಾಯಂದಿರಿಗೆ ಒಂದು ಮಾತು ಹೇಳ್ತೀನ್ರಿ. ಅವರು ಹೋಟೆಲಿಗೆ ಹೋದ್ರ ನೀವು ಡಬ್ಬಿ ಬಿಚ್ಚಿಕೊಂಡು ಕಾರಿನ್ಯಾಗ ಕುಂದ್ರಬ್ಯಾಡ್ರಿ.

ಹ್ಯೂಸ್ಟನ್ನಿಂದ ಡಲ್ಲಾಸಿಗೆ ಹೊಂಟಾಗ ಮಗ ಟೆಕ್ಸಾಸ್ ರೋಡ್‌ಹೌಸ್ ಮುಂದ ಕಾರು ನಿಲ್ಲಿಸಿದ. (ಹೆಸರು ಟೆಕ್ಸಾಸ್, ಆದ್ರ 1993ರಾಗ ಮೊದಲನೇದು ಶುರುವಾಗಿದ್ದು ಇಂಡಿಯಾನಾ ರಾಜ್ಯದಾಗ!) "ಅವ್ವಾ, ನೀ ಇಲ್ಲೇ ಕುಂತಿರ್ತಿಯೇನು?" ಅಂದ, ಮುಖ ಸಣ್ಣದು ಮಾಡಿ. ನಾ ಇಳಿದೇಬಿಟ್ಟೆ.

ಒಳಗ ವಾಸನಿ ಖರೇನ ಭಾಳ. ಆದ್ರ ಕುಂತ ಕೂಡ್ಲೇ ಬಿಸಿ ಬನ್ನು, ದಾಲ್ಚಿನ್ನಿ, ಜೇನುತುಪ್ಪ ಕೂಡಿಸಿದ ಬೆಣ್ಣಿ ಪುಕ್ಕಟೆ ತಂದಿಟ್ರು. ಎರಡು ತಿಂದೆ. ಆಮ್ಯಾಲೆ ಸಿಪ್ಪಿ ಸಮೇತ ಬೇಯಿಸಿದ ದೊಡ್ಡ ಬಟಾಟಿ. ಹುಷಾರಿ ಒಂದೇ: ಸ್ಟೇಕ್ ಹೋಟೆಲ್‌ಗಳೊಳಗ 'ಲೋಡೆಡ್' ಬಟಾಟಿ ಅಂದ್ರ ಮ್ಯಾಲೆ ಬೇಕನ್, ಅಂದ್ರ ಹಂದಿಮಾಂಸದ ಚೂರು ಉದುರಸ್ತಾರ. ಬೀನ್ಸ್ ಪಲ್ಯಾದಾಗೂ ಒಮ್ಮೊಮ್ಮೆ ಅದು ಇರ್ತೈತಿ. ಒಂದೊಂದಕ್ಕೂ ಕೇಳ್ರಿ, ಕೇಳಾಕ ನಾಚಿಕಿ ಎದಕ್ಕ?

ಮಗ ನನಗಂಜಿ ತಾನೂ ಬಟಾಟೀನ ಹೇಳಾಕ ಹತ್ತಿದ್ದ. "ನಿನಗ ಬೇಕಾದ್ದು ತರಿಸ್ಕೋ" ಅಂದೆ. ಹನ್ನೆರಡು ವರ್ಷದಿಂದ ಅಲ್ಲೇ ಅದಾನ, ತಿಂತಾನ ಅಂತ ನನಗ ತಿಳೀದೇನು? ಅಂವ ಮುಚ್ಚಿಟ್ಟು ತಿಂದ್ರ ನನ್ನ ನೇಮ ಉಳೀತೈತೇನು? ನನ್ನ ತಾಟು ನನ್ನದು, ಅವನ ತಾಟು ಅವನದು.

ಅಂವ ಸ್ಟೇಕ್ ಕೊಯ್ಯೋ ಮುಂದ ನಾ ಕಿಟಕಿ ಕಡೆ ನೋಡಿದೆ, ಸುಳ್ಳ್ಯಾಕ ಹೇಳ್ಲಿ. ಆದ್ರ ಡಲ್ಲಾಸ್ ಮುಟ್ಟೋತನಕ ಅಂವ ಬಾಯಿ ಮುಚ್ಚಲಿಲ್ಲ. ಆಫೀಸಿನ ಮಾತು, ಸಾಲದ ಮಾತು, ಫೋನಿನ್ಯಾಗ ಎಂದೂ ಹೇಳದ್ದೆಲ್ಲಾ ಹೇಳಿದ.