ಎಂಬತ್ತೆರಡಾದವರ ಮತಕ್ಕೆ ದಾರಿ ಯಾವುದು?

2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ದಾಟಿದವರು ಮನೆಯಲ್ಲೇ ಮತ ಹಾಕಬಹುದಿತ್ತು. ಇಡೀ ರಾಜ್ಯದ ಚುನಾವಣೆಯಲ್ಲಿ ಅದು ಮೊದಲ ಸಲ. ಇಬ್ಬರು ಮತಗಟ್ಟೆ ಅಧಿಕಾರಿಗಳು, ಒಬ್ಬ ಪೊಲೀಸ್, ವಿಡಿಯೊ ತೆಗೆಯುವವರು ಮನೆಗೆ ಬರುತ್ತಿದ್ದರು. ರಟ್ಟಿನ ಮರೆ ಕಟ್ಟಿ, ಮತಪತ್ರಕ್ಕೆ ಗುರುತು ಹಾಕಿಸಿ, ಲಕೋಟೆಗೆ ಅಂಟು ಹಚ್ಚಿ ಒಯ್ಯುತ್ತಿದ್ದರು. ಮೊದಲ ಸಲ ಮತದಾರ ಮನೆಯಲ್ಲಿಲ್ಲದಿದ್ದರೆ ಇನ್ನೊಂದು ಸಲ ಬರಬೇಕೆಂಬ ನಿಯಮವೂ ಇತ್ತು. ಸರ್ಕಾರ ಮುದುಕರ ಮನೆ ಬಾಗಿಲು ತಟ್ಟಿದ ಅಪರೂಪದ ಕೆಲಸ ಅದು.

ಮರುವರ್ಷ, 2024ರ ಮಾರ್ಚ್‌ನಲ್ಲಿ, ನಿಯಮ ತಿದ್ದಿ ವಯಸ್ಸಿನ ಮಿತಿಯನ್ನು 85ಕ್ಕೆ ಏರಿಸಿದರು. ಮೇ 7ರಂದು ಬಾಗಲಕೋಟೆ ಲೋಕಸಭಾ ಕ್ಷೇತ್ರದ ಮತದಾನ. ವರ್ಷದ ಹಿಂದೆ ಮನೆಯಲ್ಲಿ ಕೂತು ಮತ ಹಾಕಿದ್ದ ಎಂಬತ್ತೆರಡರ ಅಜ್ಜಿ ಈಗ ಉರಿಬಿಸಿಲಲ್ಲಿ ಶಾಲೆಯ ಅಂಗಳದವರೆಗೆ ನಡೆಯಬೇಕಾಯಿತು. ವರ್ಷ ಕಳೆದರೆ ಮೊಣಕಾಲು ಗಟ್ಟಿಯಾಗುತ್ತದೆಯೇ? ಬನಹಟ್ಟಿ, ರಬಕವಿಯ ನೇಕಾರರ ಓಣಿಗಳಲ್ಲಿ ಬದುಕಿಡೀ ಮಗ್ಗದ ಮುಂದೆ ಕೂತವರ ಸೊಂಟ, ಕಾಲು ಅರವತ್ತಕ್ಕೇ ಸೋತಿರುತ್ತವೆ.

ಕೊಟ್ಟ ಹಕ್ಕನ್ನು ಹಿಂದಕ್ಕೆ ಪಡೆದದ್ದು ತಪ್ಪು. ಅದನ್ನು ಸರಿಪಡಿಸುವುದು ದೆಹಲಿಯ ಕೈಯಲ್ಲಿದೆ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ತಹಶೀಲ್ದಾರ್ ಕಚೇರಿಗಳ ಕೈಯಲ್ಲಿರುವುದೂ ಕಡಿಮೆಯೇನಲ್ಲ. ಕನಿಷ್ಠ ಶೇ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರವಿದ್ದವರಿಗೆ ವಯಸ್ಸು ಎಷ್ಟೇ ಇರಲಿ, ಮನೆಯಲ್ಲೇ ಮತ ಹಾಕುವ ಅವಕಾಶ ಇಂದಿಗೂ ಇದೆ. ನಡೆಯಲಾಗದ ಎಷ್ಟೋ ಹಿರಿಯರು ಇದಕ್ಕೆ ಅರ್ಹರು. ತಾಲ್ಲೂಕು ಆಸ್ಪತ್ರೆಯ ತಪಾಸಣೆ ಶಿಬಿರಕ್ಕೆ ಅವರನ್ನು ಕರೆತಂದು, ನಮೂನೆ 8ರ ಮೂಲಕ ಮತದಾರರ ಪಟ್ಟಿಯಲ್ಲಿ ಅಂಗವಿಕಲರೆಂದು ಗುರುತು ಹಾಕಿಸುವವರು ಯಾರು? ಚುನಾವಣೆ ಬಂದ ಮೇಲೆ ಇದೆಲ್ಲ ಆಗದ ಮಾತು. ಅಧಿಸೂಚನೆ ಹೊರಟ ಐದು ದಿನದೊಳಗೆ ಮನೆ ಮತದಾನದ ಅರ್ಜಿಯಾದ ನಮೂನೆ 12ಡಿ ಮತಗಟ್ಟೆ ಮಟ್ಟದ ಅಧಿಕಾರಿಯ (ಬಿಎಲ್‌ಒ) ಕೈ ಸೇರಿರಬೇಕು. ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಶಿಕ್ಷಕರೋ ಆಗಿರುವ ಆ ಬಿಎಲ್‌ಒ, ತಮ್ಮ ನಿತ್ಯದ ಕೆಲಸದ ನಡುವೆ ಐದೇ ದಿನದಲ್ಲಿ ಎಷ್ಟು ಮನೆ ಹತ್ತಿಳಿಯಬಲ್ಲರು?

ಇನ್ನೊಂದು ಮಾತನ್ನೂ ಮೊದಲೇ ತಿಳಿಸಬೇಕು: ಮನೆ ಮತದಾನಕ್ಕೆ ಒಪ್ಪಿಗೆ ಸಿಕ್ಕವರು ಆಮೇಲೆ ಮತಗಟ್ಟೆಗೆ ಹೋಗಿ ಮತ ಹಾಕುವಂತಿಲ್ಲ.

ಊರು ಬದಲಾದವರ ಕಷ್ಟ ಬೇರೆ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಪುನರ್ವಸತಿ ಕೇಂದ್ರ ಸೇರಿದವರು, ಬಾಡಿಗೆ ಮನೆ ಬದಲಿಸುತ್ತಲೇ ಇರುವ ನೇಕಾರರು, ದುಡಿಯಲು ಗೋವಾ, ಮಂಗಳೂರಿಗೆ ಹೋಗಿ ಬರುವವರು, ಇವರೆಲ್ಲರಿಗೂ ವಿಳಾಸ ತಿದ್ದಲು ಅದೇ ನಮೂನೆ 8 ಬೇಕು. ರಬಕವಿ-ಬನಹಟ್ಟಿಯವರಿಗೆ ಮೇಲೊಂದು ಗೊಂದಲ: ತಾಲ್ಲೂಕಿನ ಹೆಸರು ಒಂದು, ವಿಧಾನಸಭಾ ಕ್ಷೇತ್ರದ ಹೆಸರು ತೇರದಾಳ.

ಮತದಾರರ ಕರಡು ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿದರೆ ಸಾಲದು. ಗ್ರಾಮಸಭೆಯಲ್ಲಿ, ಓಣಿಯ ಗುಡಿಕಟ್ಟೆಯಲ್ಲಿ ಹೆಸರು ಹೆಸರು ಓದಿ ಹೇಳಲಿ. ಯಾರು ತೀರಿಕೊಂಡರು, ಯಾರು ಹಾಸಿಗೆ ಹಿಡಿದಿದ್ದಾರೆ, ಯಾರ ಹೆಸರು ಬಿಟ್ಟುಹೋಗಿದೆ ಎಂಬುದು ಓಣಿಯ ಜನಕ್ಕೆ ಗೊತ್ತಿರುತ್ತದೆ. ಅಲ್ಲಿಯೇ ನಮೂನೆ ತುಂಬಿಸಿಕೊಂಡು ಸ್ವೀಕೃತಿ ಚೀಟಿ ಕೊಟ್ಟು ಬರಲಿ. ಚುನಾವಣೆಯಿಲ್ಲದ ತಿಂಗಳುಗಳಲ್ಲೇ ಈ ಕೆಲಸ ನಡೆಯಲಿ.