ಸ್ನಾಯುನೋವಿಗೆ ಸ್ಕ್ಯಾನಿಂಗ್: ಎಷ್ಟು ನಂಬಬೇಕು?

ಕತ್ತು ಮತ್ತು ಭುಜದ ನಡುವೆ ಒತ್ತಿದರೆ ಬೆರಳಿಗೆ ಗಂಟು ಸಿಗುತ್ತದೆ, ನೋವು ತಲೆಯವರೆಗೂ ಏರುತ್ತದೆ. ಎಕ್ಸ್‌-ರೇಯಲ್ಲಿ ಮಾತ್ರ ಅಲ್ಲೇನೂ ಕಾಣುವುದಿಲ್ಲ. ‘ಏನೂ ಇಲ್ಲ’ ಎಂಬ ವರದಿ ಹಿಡಿದು ಮನೆಗೆ ಬಂದವರ ನೋವನ್ನು ಮನೆಯವರೂ ನಂಬುವುದಿಲ್ಲ. ಅಂಥವರಿಗೆ ಅಲ್ಟ್ರಾಸೌಂಡ್ ಭರವಸೆ ತಂದದ್ದು ಸಹಜ.

2009ರಲ್ಲಿ ಅಮೆರಿಕದ ಸಿದ್ಧಾರ್ಥ ಸಿಕ್ದರ್, ಜೇ ಶಾ ಮತ್ತು ಸಂಗಡಿಗರು ಇದೇ ಭುಜದ ಸ್ನಾಯುವನ್ನು ಸ್ಕ್ಯಾನ್ ಮಾಡಿದರು. ಗಂಟಿದ್ದ ಜಾಗ ಸುತ್ತಲಿನ ಸ್ನಾಯುವಿಗಿಂತ ಕಪ್ಪಾಗಿ ಕಂಡಿತು; ಹೊರಗಿನಿಂದ ಕಂಪನ ಕೊಟ್ಟಾಗ ಅದು ಗಡುಸಾಗಿರುವುದೂ ಗೊತ್ತಾಯಿತು. ಅದೇ ವರ್ಷ ವರ್ಮಾಂಟ್‌ನಲ್ಲಿ ಹೆಲೆನ್ ಲಾಂಜೆವಿನ್ ತಂಡ, ದೀರ್ಘಕಾಲದ ಸೊಂಟನೋವಿನವರಲ್ಲಿ ಬೆನ್ನಿನ ಸ್ನಾಯುವನ್ನು ಸುತ್ತಿರುವ ಪೊರೆ ಸುಮಾರು 25% ದಪ್ಪಗಿರುವುದನ್ನು ಅಳೆದು ತೋರಿಸಿತು. 2011ರಲ್ಲಿ ಇನ್ನೊಂದು ಸಂಗತಿ ಹೊರಬಂತು: ಆ ಪೊರೆಯ ಪದರಗಳು ಒಂದರ ಮೇಲೊಂದು ಜಾರುವುದು ಇವರಲ್ಲಿ ಸುಮಾರು 20% ಕಡಿಮೆ. ಈ ಉಪಕರಣದ ನಿಜವಾದ ಬಲ ಇಲ್ಲಿದೆ ಎನ್ನುವುದು ನನ್ನ ಎಣಿಕೆ. ಎಂಆರ್‌ಐಗೆ ಮೈ ಅಲುಗಾಡಿಸದೆ ಮಲಗಬೇಕು. ಇಲ್ಲಿ ರೋಗಿ ಕೈ ಎತ್ತುತ್ತಿರುವಾಗಲೇ ಒಳಗಿನ ಚಲನೆ ಕಾಣುತ್ತದೆ. ವಿಕಿರಣದ ಭಯವಿಲ್ಲ, ಖರ್ಚೂ ಕಡಿಮೆ.

ಆದರೆ 2011ರಲ್ಲೇ ಪ್ರಕಟವಾದ ಮತ್ತೊಂದು ಅಧ್ಯಯನ ನನ್ನನ್ನು ಹೆಚ್ಚು ಕಾಡುತ್ತದೆ. ಭುಜದಲ್ಲಿ ಯಾವ ನೋವೂ ಇಲ್ಲದ, 40ರಿಂದ 70 ವರ್ಷದ 51 ಗಂಡಸರನ್ನು ಸ್ಕ್ಯಾನ್ ಮಾಡಿದಾಗ 96% ಮಂದಿಯಲ್ಲಿ ಏನಾದರೊಂದು ದೋಷ ಕಂಡಿತು. ಹಾಗಾದರೆ ನೋವಿರುವವರಲ್ಲಿ ಕಂಡ ದೋಷವೇ ನೋವಿನ ಮೂಲ ಎಂದು ಹೇಳುವುದು ಹೇಗೆ? ಬೆನ್ನಿನ ಪೊರೆ ದಪ್ಪವಾದ್ದರಿಂದ ನೋವು ಬಂತೋ, ನೋವಿಗೆ ಹೆದರಿ ಓಡಾಟ ಕಡಿಮೆ ಮಾಡಿದ್ದರಿಂದ ಪೊರೆ ದಪ್ಪವಾಯಿತೋ, ಚಿತ್ರ ಹೇಳುವುದಿಲ್ಲ. ಮೈಮೇಲೆ ಒತ್ತಿ ಹಿಡಿಯುವ ಪ್ರೋಬ್ ಸ್ವಲ್ಪ ಓರೆಯಾದರೂ ಆರೋಗ್ಯವಂತ ಸ್ನಾಯುರಜ್ಜು ಕಪ್ಪಾಗಿ, ಹರಿದಂತೆ ಕಾಣುತ್ತದೆ. ನೋವಿನ ಗಂಟು ಎಂಬ ಸಿದ್ಧಾಂತವನ್ನೇ ಒಪ್ಪದ ವೈದ್ಯರೂ ಇದ್ದಾರೆ.

ನಮ್ಮಲ್ಲಿ ಇನ್ನೊಂದು ತೊಡಕು. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಿಂದಾಗಿ, ಭುಜ ನೋಡಲೆಂದೇ ತಂದ ಯಂತ್ರವೂ ನೋಂದಣಿಯಾಗಬೇಕು. ಇದರಿಂದ ಫಿಸಿಯೋಥೆರಪಿಯವರ ಸಂಶೋಧನೆಗೆ ಅಡ್ಡಿಯಾಗುವುದು ನಿಜ. ಆದರೂ, 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ನಡೆಸುತ್ತಿದ್ದ ಜಾಲ ಬಯಲಾದ ಮೇಲೆ, ಈ ಬಿಗಿ ಸಡಿಲಿಸಿ ಎಂದು ಕೇಳಲು ನನಗೆ ಮನಸ್ಸಿಲ್ಲ.

ಸ್ನಾಯುರಜ್ಜು ಪೂರ್ತಿ ಹರಿದಿದೆಯೇ, ಕೀಲಿನ ಬಳಿ ನೀರು ತುಂಬಿದೆಯೇ, ಸೂಜಿ ಸರಿಯಾದ ಜಾಗಕ್ಕೆ ಹೋಯಿತೇ ಎಂಬುದಕ್ಕೆ ಪಳಗಿದ ಕೈಯ ಸ್ಕ್ಯಾನಿಂಗ್ ಸಾಕು. ಬರೀ ಸ್ನಾಯುನೋವಿಗೆ ಮಾತ್ರ ಅದಿನ್ನೂ ಸಂಶೋಧಕರ ಸಾಧನ, ರೋಗ ತೀರ್ಮಾನಿಸುವ ಸಾಧನವಲ್ಲ. ನಿಮ್ಮ ಭುಜಕ್ಕೆ ಸ್ಕ್ಯಾನಿಂಗ್ ಬರೆದುಕೊಟ್ಟರೆ, ನೋವಿಲ್ಲದ ಇನ್ನೊಂದು ಭುಜವನ್ನೂ ನೋಡಿ ಹೋಲಿಸಿ ಎಂದು ಡಾಕ್ಟರನ್ನು ಕೇಳಿ.