ದೊಡ್ಡಿಗೆ ಸೇರಿದ ದನ

ನಮ್ಮ ಕಡೆ ‘ದೊಡ್ಡಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ರೈತನು ತನ್ನ ದನಗಳನ್ನು ರಾತ್ರಿ ಕೂಡುವ ಬೇಲಿಯ ಆವರಣವೂ ದೊಡ್ಡಿಯೇ. ಅತಿಕ್ರಮಿಸಿ ಮೇಯ್ದ ದನವನ್ನು ಹಿಡಿದು ಸರ್ಕಾರದವರು ಕೂಡುವ ಸ್ಥಳವೂ ದೊಡ್ಡಿಯೇ. ಬೆಳಿಗ್ಗೆ ಮೊದಲನೆಯದರಿಂದ ಹೊರಟ ಹಸು ಸಂಜೆಗೆ ಎರಡನೆಯದರಲ್ಲಿದ್ದರೆ ವ್ಯಾಜ್ಯ ಹುಟ್ಟಿತೆಂದೇ ತಿಳಿಯಬೇಕು.

2025ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ವಿಷವುಂಡು ಸತ್ತುವು. ವಿಷವಿದ್ದುದು ಸತ್ತ ಹಸುವಿನ ಮಾಂಸದಲ್ಲಿ. ಇದು ಘೋರ ಕೃತ್ಯವೆಂಬುದರಲ್ಲಿ ಎರಡು ಮಾತಿಲ್ಲ. ಮರು ತಿಂಗಳೇ, ರಾಜ್ಯದ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಲು ಕ್ರಮ ಕೈಗೊಳ್ಳಬೇಕೆಂದು ಅರಣ್ಯ ಸಚಿವರು ಸೂಚನೆಯಿತ್ತರು. ಪಟ್ಟಣದ ಮಿತ್ರರು ಇದನ್ನು ಕೇಳಿ ಸಂತೋಷಪಟ್ಟರು. ನನಗೆ ಮಾತ್ರ ಅಷ್ಟು ಸುಲಭವಾಗಿ ಸಂತೋಷವಾಗಲಿಲ್ಲ.

ಕಾಯಿದೆ ಏನು ಹೇಳುತ್ತದೆಂದು ನೋಡೋಣ. 1927ರ ಭಾರತೀಯ ಅರಣ್ಯ ಕಾಯಿದೆಯ 70ನೆಯ ಪ್ರಕರಣದಂತೆ, ಮೀಸಲು ಅರಣ್ಯದಲ್ಲಿ ಅತಿಕ್ರಮವಾಗಿ ನುಗ್ಗಿದ ದನವನ್ನು ಅರಣ್ಯಾಧಿಕಾರಿಯಾಗಲಿ ಪೊಲೀಸರಾಗಲಿ ಹಿಡಿದು ದೊಡ್ಡಿಗೆ ಸೇರಿಸಬಹುದು. ಸಂರಕ್ಷಿತ ಅರಣ್ಯದಲ್ಲಾದರೋ ಒಂದು ಕಟ್ಟುಪಾಡುಂಟು: ದನ ನುಗ್ಗಿದ ಭಾಗವನ್ನು ಕಾನೂನುಪ್ರಕಾರ ಮೇವಿಗೆ ಮುಚ್ಚಿರಬೇಕು. ಹಸು ಕಾಡಿನಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಅಪರಾಧ ಸಿದ್ಧವಾಗುವುದಿಲ್ಲ. ಮುಚ್ಚಿದ ಪ್ರಕಟಣೆ ಎಲ್ಲಿ, ಗಡಿಯ ಕಲ್ಲು ಎಲ್ಲಿ ಎಂಬ ಪ್ರಶ್ನೆಗಳೇ ಇಂತಹ ವ್ಯಾಜ್ಯಗಳ ತಿರುಳು. ಮೇಯುವ ದನ ಬೇರೆ, ಕಳ್ಳಮರದ ಗಾಡಿ ಎಳೆಯುವ ಎತ್ತು ಬೇರೆ ಎಂಬುದನ್ನೂ ಮರೆಯಬಾರದು. ಎರಡನೆಯದನ್ನು 52ನೆಯ ಪ್ರಕರಣದಂತೆ ಮಾಲಿನೊಡನೆಯೇ ವಶಪಡಿಸಿಕೊಳ್ಳಬಹುದು. ಮೊದಲನೆಯದಕ್ಕೆ ದೊಡ್ಡಿಯ ದಂಡವೇ ಕ್ರಮ. ನಮ್ಮ ರಾಜ್ಯಕ್ಕೆ 1963ರ ಅರಣ್ಯ ಕಾಯಿದೆಯೂ 1966ರ ದನಗಳ ಅತಿಕ್ರಮ ಪ್ರವೇಶದ ಕಾಯಿದೆಯೂ ಪ್ರತ್ಯೇಕವಾಗಿವೆ.

ವನ್ಯಜೀವಿ ಧಾಮಗಳ ಸಂಗತಿಯೂ ಜನ ಭಾವಿಸುವಂತಿಲ್ಲ. 1972ರ ಕಾಯಿದೆ ರಾಷ್ಟ್ರೀಯ ಉದ್ಯಾನದಲ್ಲಿ ಮೇವನ್ನು ಪೂರ್ತಿ ನಿಷೇಧಿಸಿದೆ. ಧಾಮದಲ್ಲಿ ಅದನ್ನು ನಿಯಂತ್ರಿಸುವ ಅಥವಾ ನಿಷೇಧಿಸುವ ವಿವೇಚನೆಯನ್ನು ಅಧಿಕಾರಿಗೆ ಬಿಟ್ಟಿದೆ. ಮಹದೇಶ್ವರ ಬೆಟ್ಟ 2013ರಿಂದ ಇಂತಹ ಧಾಮ. ಇದರ ಮೇಲೆ 2006ರ ಅರಣ್ಯ ಹಕ್ಕುಗಳ ಕಾಯಿದೆ ಬಂದಿದೆ. ಅದು ಅರಣ್ಯವಾಸಿಗಳಿಗೆ ದನ ಮೇಯಿಸುವುದನ್ನು ಹಕ್ಕೆಂದೇ ಹೇಳುತ್ತದೆ. ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಅವರನ್ನು ಎಬ್ಬಿಸಕೂಡದೆಂದೂ ಹೇಳುತ್ತದೆ. ತಮಿಳುನಾಡಿನ ಕಾಡುಗಳಿಗೆಲ್ಲ ಅನ್ವಯಿಸುವಂತೆ 2022ರ ಮಾರ್ಚಿಯಲ್ಲಿ ಮೇವನ್ನು ನಿಷೇಧಿಸಿದ ಮದರಾಸು ಉಚ್ಚ ನ್ಯಾಯಾಲಯವು ಅದೇ ತಿಂಗಳು ಆಜ್ಞೆಯನ್ನು ತಿದ್ದಿ, ರಾಷ್ಟ್ರೀಯ ಉದ್ಯಾನ, ವನ್ಯಜೀವಿ ಧಾಮ, ಹುಲಿ ರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿತು.

ಇಷ್ಟು ಹೇಳಿದುದರಿಂದ ನಾನು ಕಾಡಿನ ವೈರಿಯೆಂದು ಅಧ್ಯಾಪಕರು ಭಾವಿಸಬಾರದು. ನೂರಾರು ದನಗಳ ಹಿಂಡು ತುಳಿದ ನೆಲದಲ್ಲಿ ಸಸಿ ಏಳುವುದಿಲ್ಲ; ಜಿಂಕೆಗೆ ಹುಲ್ಲು ಉಳಿಯುವುದಿಲ್ಲ; ಊರ ದನದ ರೋಗ ಕಾಡೆಮ್ಮೆಗೆ ತಗಲುವುದೂ ಉಂಟು. ಗೊಬ್ಬರದ ಆಸೆಗೆ ಪರರ ದನಗಳನ್ನು ಕೂಲಿಗೆ ಕಾಡಿಗೆ ಹೊಡೆಯುವವರ ಮೇಲೆ ನನಗೆ ಕನಿಕರವಿಲ್ಲ. ಆದರೆ ಎರಡು ಹಸು ಕಟ್ಟಿಕೊಂಡ ಮುದುಕಿಗೂ ಇವರಿಗೂ ಒಂದೇ ಹಗ್ಗವೇ?

1871ರ ಹಳೆಯ ಕಾಯಿದೆಯ ಲೆಕ್ಕ ನೋಡಿ. ಅಕ್ರಮವಾಗಿ ದನ ಹಿಡಿದರೆಂದು ದೂರು ಕೊಡಲು ಹತ್ತೇ ದಿನ. ಗೆದ್ದರೆ ಸಿಗುವ ಪರಿಹಾರ ನೂರು ರೂಪಾಯಿಗೆ ಮೀರುವಂತಿಲ್ಲ. ಇಂದು ಆ ಹಣಕ್ಕೆ ಹಸುವಿನ ಒಂದು ದಿನದ ಹಿಂಡಿಯೂ ಬಾರದು! ಏಳು ದಿನ ಯಾರೂ ಬಿಡಿಸಿಕೊಳ್ಳದಿದ್ದರೆ ಪ್ರಕಟಣೆ, ಮತ್ತೆ ಏಳು ದಿನ ಕಳೆದರೆ ಹರಾಜು. ಆನೆಗೆ ಹತ್ತು ರೂಪಾಯಿ, ಎಮ್ಮೆಗೆ ಎರಡು, ಹಸುವಿಗೆ ಒಂದು, ಆಡಿಗೆ ಎಂಟಾಣೆ ಎಂದು 1927ರ ಕಾಯಿದೆ ಬರೆದಿಟ್ಟ ದಂಡದ ಮಿತಿಯನ್ನು ಓದಿದಾಗ ನಗು ಬರುತ್ತದೆ. ಆದರೆ ದಂಡ ಅಗ್ಗವಾದರೂ ಬಡವನಿಗೆ ದೊಡ್ಡಿಯ ದಾರಿ ಅಗ್ಗವಲ್ಲ. ಮೇವಿನ ಖರ್ಚು, ಬಸ್ಸಿನ ಖರ್ಚು, ಹೋದ ಕೂಲಿ ಇವೆಲ್ಲ ಸೇರುತ್ತವೆ.

ಆದುದರಿಂದ ಮೊದಲು ಗ್ರಾಮಸಭೆ ಕೂಡಿಸಿ ಹಕ್ಕುಗಳನ್ನು ಇತ್ಯರ್ಥಪಡಿಸಲಿ; ಮುಚ್ಚಿದ ಭಾಗದ ಅಂಚಿನಲ್ಲಿ ಕನ್ನಡದ ಫಲಕ ನಿಲ್ಲಿಸಲಿ; ದನ ಹಿಡಿದಾಗ ಸ್ಥಳ, ವೇಳೆ, ಸಂಖ್ಯೆ ಬರೆದ ಚೀಟಿಯನ್ನು ಒಡೆಯನ ಕೈಗೆ ಕೊಡಲಿ. ಆ ಚೀಟಿಯಿಲ್ಲದೆ ಹತ್ತು ದಿನದೊಳಗೆ ನ್ಯಾಯಾಧೀಶರ ಮುಂದೆ ನಿಂತ ಮುದುಕಿ ಏನೆಂದು ಹೇಳಬೇಕು? ಹಸು ದೊಡ್ಡಿಯಲ್ಲಿದೆ, ಕರು ಮನೆಯಲ್ಲಿ ಅರಚುತ್ತಿದೆ ಎಂದಷ್ಟೆ.